ನನ್ನ ಸ್ಟೀಲ್ ತಟ್ಟೆಯ ಒಮಾನ್ ಪ್ರವಾಸ

ಮಸ್ಕತ್: ಚೀಲದಕ್ಕ ಬಂದಿಳಿದಳು

ನಲವತ್ತು ಬಟ್ಟೆಚೀಲ, ಒಂದು ಸ್ಟೀಲ್ ತಟ್ಟೆ, ಒಂದು ಲೋಟ, ಒಂದು ಚಮಚ. ಜೀವಮಾನದ ಮೊದಲ ವಿದೇಶ ಪ್ರವಾಸಕ್ಕೆ ಇಷ್ಟನ್ನು ಕಟ್ಟಿಕೊಂಡು ಹೊರಟವರು ಇಡೀ ಕಾರ್ಕಳದಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಕ್ಕಿಲ್ಲ. ಉಪ್ಪಿನಕಾಯಿ, ಹಪ್ಪಳ, ಕುಚ್ಚಲಕ್ಕಿ ಬೇರೆ ಪೆಟ್ಟಿಗೆಯಲ್ಲಿತ್ತು. ಅದು ಎಲ್ಲರೂ ಒಯ್ಯುವುದೇ.

ಮಸ್ಕತ್‌ನಲ್ಲಿ ಪೆಟ್ಟಿಗೆ ಪರೀಕ್ಷೆ ಮಾಡುವ ಸಮವಸ್ತ್ರದ ಹುಡುಗಿ ಚೀಲಗಳನ್ನು ಒಂದೊಂದಾಗಿ ಮೇಲೆತ್ತಿ ನೋಡಿದಳು. "ಬಿಸಿನೆಸ್?" ಎಂದು ಕೇಳಿದಳು. ನಾನು ಎದೆ ಮುಂದೆ ಮಾಡಿ, "ನೋ ಬಿಸಿನೆಸ್. ಗಿಫ್ಟ್. ನೋ ಪ್ಲಾಸ್ಟಿಕ್!" ಎಂದೆ. ಅವಳು ಒಂದು ಚೀಲದ ಹೊಲಿಗೆಯನ್ನು ಎಳೆದು ನೋಡಿ "ಗುಡ್" ಎಂದಳು. ಒಮಾನ್ ದೇಶವೇ ನನ್ನ ಬೆನ್ನು ತಟ್ಟಿದ ಹಾಗಾಯಿತು ನನಗೆ.

ನನ್ನದು ಟೈಲರಿಂಗ್ ಅಂಗಡಿ. ಉಳಿದ ತುಂಡು ಬಟ್ಟೆ, ಹಳೆಯ ಸೀರೆಗಳಲ್ಲಿ ಚೀಲ ಹೊಲಿದು ಬೇಕೆಂದವರಿಗೂ ಬೇಡವೆಂದವರಿಗೂ ಕೊಡುತ್ತೇನೆ. ಹಾಗಾಗಿ ನಮ್ಮ ಬೀದಿಯಲ್ಲಿ ನನ್ನ ಹೆಸರು ಚೀಲದಕ್ಕ. ಮದುವೆ, ಗೃಹಪ್ರವೇಶಗಳಲ್ಲಿ ಪ್ಲಾಸ್ಟಿಕ್ ಲೇಪದ ತಟ್ಟೆ ಬಂದರೆ ನಾನು ಬ್ಯಾಗಿನಿಂದ ನನ್ನದೇ ತಟ್ಟೆ ತೆಗೆಯುತ್ತೇನೆ. ಜನ ನಗುತ್ತಾರೆ, ನಗಲಿ. ನನ್ನ ಯಜಮಾನರು ಅಂಥ ಊಟಗಳಲ್ಲಿ ಬೇರೆ ಸಾಲು ನೋಡಿ ಕೂರುತ್ತಾರೆ.

ತಂಗಿ ಸುಮನಾ ನನಗಿಂತ ಎಂಟು ವರ್ಷ ಚಿಕ್ಕವಳು. ಮದುವೆಯಾದಾಗಿನಿಂದ ಸಹಮ್ ಎಂಬ ಕಡಲ ತೀರದ ಊರಿನಲ್ಲಿದ್ದಾಳೆ. ಅವಳ ಗಂಡ ಜಗದೀಶ ಹತ್ತಿರದ ಸೊಹಾರ್‌ನಲ್ಲಿ ಹಡಗಿನ ಸರಕು ನೋಡಿಕೊಳ್ಳುವ ಒಂದು ಆಫೀಸಿನಲ್ಲಿದ್ದಾನೆ. ಮಗಳು ನಿಶಾ ಎಂಟನೇ ಕ್ಲಾಸು. ಗಲ್ಫಿನವರದು ಉಣ್ಣುವುದಕ್ಕಿಂತ ಎಸೆಯುವುದೇ ಹೆಚ್ಚು ಎಂದು ಯಾರೋ ಹೇಳಿದ್ದನ್ನು ನಾನು ನಂಬಿಬಿಟ್ಟಿದ್ದೆ. ಮೂರು ವಾರದಲ್ಲಿ ತಂಗಿಯ ಸಂಸಾರವನ್ನು ತಿದ್ದಿ ಬರುತ್ತೇನೆಂದು ಊರಲ್ಲಿ ಹೇಳಿಯೂ ಬಂದಿದ್ದೆ.

ಬರ್ಕಾ: ಹಾರ್ನ್ ಹೊಡೆದರೆ ಚಹಾ

ನನ್ನನ್ನು ಕರೆದೊಯ್ಯಲು ಜಗದೀಶ, ನಿಶಾ ಬಂದಿದ್ದರು. ವಿಮಾನ ನಿಲ್ದಾಣದಿಂದ ಸಹಮ್‌ಗೆ ಹೋಗುವ ದಾರಿಯಲ್ಲಿ ಬರ್ಕಾ ಎಂಬ ಊರು ಬಂತು. ಜಗದೀಶ ಕಾರನ್ನು ಒಂದು ಪುಟ್ಟ ಚಹಾದಂಗಡಿಯ ಎದುರು ನಿಲ್ಲಿಸಿ ಹಾರ್ನ್ ಹೊಡೆದ. ಯಾರಿಗೆ ಹೊಡೆದ ಎಂದು ನಾನು ಹಿಂದೆ ಮುಂದೆ ನೋಡಿದೆ. ನಮ್ಮ ಕಡೆ ಅಂಗಡಿಯ ಎದುರು ಹೀಗೆ ಹಾರ್ನ್ ಹೊಡೆದರೆ ಚಹಾದ ಬದಲು ಬೈಗುಳ ಬರುತ್ತದೆ. ಇಲ್ಲಿ ಇದೇ ಪದ್ಧತಿಯಂತೆ. ಸಾಲಾಗಿ ಏಳೆಂಟು ಕಾರು, ಎಲ್ಲದರ ಇಂಜಿನ್ ಚಾಲೂ, ಒಳಗೆ ಏಸಿ. ಅಂಗಡಿಯವನು ಓಡಿ ಬಂದು ಕಿಟಕಿಯಲ್ಲಿ ಕೇಳುತ್ತಾನೆ, ಕಾಗದದ ಕಪ್ಪಿನಲ್ಲಿ ಏಲಕ್ಕಿಯ ಗಟ್ಟಿ ಚಹಾ ತಂದು ಕೊಡುತ್ತಾನೆ.

ನನಗೆ ಒಂದೇ ಸಲ ಹುರುಪು ಏರಿತು. ಬಂದು ಒಂದು ಗಂಟೆಯಾಗಿಲ್ಲ, ಆಗಲೇ ತಿದ್ದಲಿಕ್ಕೆ ಕೆಲಸ ಸಿಕ್ಕಿತಲ್ಲ!

"ಜಗದೀಶ, ಮೊದಲು ಇಂಜಿನ್ ಬಂದ್ ಮಾಡು" ಎಂದೆ.

"ಅಕ್ಕ, ಹೊರಗೆ ಸೆಕೆ ನೋಡಿ ಹೇಳಿ ಮಾರಾಯ್ರೆ."

"ಸೆಕೆ ನಮ್ಮಲ್ಲಿ ಇಲ್ವಾ?" ಎನ್ನುತ್ತ ಬಾಗಿಲು ತೆರೆದು ಇಳಿದೆ. ಅಕ್ಟೋಬರ್ ಬಂದರೂ ಬಾಣಂತಿ ಕೋಣೆಯ ಹಾಗೆ ಕಾವು. ಮಾತು ವಾಪಸು ತೆಗೆದುಕೊಳ್ಳಬೇಕು ಅನಿಸಿತು, ಆದರೆ ತೆಗೆದುಕೊಳ್ಳಲಿಲ್ಲ. ನೇರ ಒಳಗೆ ಹೋಗಿ ನನ್ನ ಸ್ಟೀಲ್ ಲೋಟ ಮುಂದಿಟ್ಟೆ.

ಅಂಗಡಿಯವರು ಕೇರಳದವರು. ಲೋಟವನ್ನು ತಿರುಗಿಸಿ ನೋಡಿ ಹಿಂದಿಯಲ್ಲಿ, "ಅಮ್ಮಾ, ಇದು ತುಂಬಬೇಕಾದರೆ ಎರಡು ಚಹಾ ಬೇಕು" ಎಂದರು. ತುಂಬಿಸಿಯೂ ಕೊಟ್ಟರು. ನಾನು ಅದನ್ನು ಮೆರವಣಿಗೆಯಲ್ಲಿ ತರುವ ಹಾಗೆ ಕಾರಿನ ಸಾಲಿನ ಮುಂದೆ ಹಿಡಿದುಕೊಂಡು ಬಂದೆ. ನಿಶಾ ಸೀಟಿನಲ್ಲಿ ಕೆಳಕ್ಕೆ ಜಾರಿ ಮುಖ ಮುಚ್ಚಿಕೊಂಡಿದ್ದಳು. "ದೊಡ್ಡಮ್ಮ, ಪ್ಲೀಸ್, ಎವರಿಬಡಿ ಈಸ್ ಲುಕಿಂಗ್!"

ನೋಡುತ್ತಿದ್ದುದು ನಿಜ. ಪಕ್ಕದ ಕಾರಿನಲ್ಲಿ ಬಿಳಿಯ ಗಡ್ಡದ ಒಬ್ಬ ಒಮಾನಿ ಅಜ್ಜ ನನ್ನ ಲೋಟವನ್ನೇ ನೋಡುತ್ತಿದ್ದರು. ಆಮೇಲೆ ನಗುತ್ತ ತಮ್ಮ ಕೈಯಲ್ಲಿದ್ದುದನ್ನು ಎತ್ತಿ ತೋರಿಸಿದರು. ಮನೆಯಿಂದ ತಂದ ಗಾಜಿನ ಲೋಟ! ಪಾಪದ ಅಜ್ಜ ಎಷ್ಟು ವರ್ಷದಿಂದ ಹಾಗೆ ಕುಡಿಯುತ್ತಿದ್ದರೋ ಏನೋ. ನಾನು ನನ್ನ ಲೋಟ ಎತ್ತಿ ಅವರಿಗೆ ತೋರಿಸಿದೆ. ಮುಂದಿನ ದಾರಿಯುದ್ದಕ್ಕೂ ನಿಶಾ ಮಾತಾಡಲಿಲ್ಲ, ನಾನು ಬಾಯಿ ಮುಚ್ಚಲಿಲ್ಲ.

ಸಹಮ್: ತಂಗಿಯ ಎಂಟು ಬಾಲ್ದಿ

ಬೆಳಿಗ್ಗೆ ಟಪ್ ಟಪ್ ಶಬ್ದಕ್ಕೆ ಎಚ್ಚರವಾಯಿತು. ನಲ್ಲಿ ಸೋರುತ್ತಿದೆ ಎಂದು ಎದ್ದು ಹೋದೆ. ನೋಡಿದರೆ ಬಾಲ್ಕನಿಯಲ್ಲಿ ಏಸಿಯ ಪೈಪು ಒಂದು ಕ್ಯಾನಿಗೆ ಇಳಿದಿದೆ, ಕ್ಯಾನು ಮುಕ್ಕಾಲು ತುಂಬಿದೆ. ಮೂರು ಕೋಣೆ, ಮೂರು ಕ್ಯಾನು.

"ಏಸಿಯ ನೀರು ಅಕ್ಕ" ಎಂದಳು ಸುಮನಾ. "ನೆಲ ಒರೆಸಲಿಕ್ಕೆ, ಗಿಡಕ್ಕೆ, ಕಾರು ಒರೆಸಲಿಕ್ಕೆ ಎಲ್ಲ ಇದೇ. ಕುಡಿಯಲಿಕ್ಕೆ ಮಾತ್ರ ಆಗುದಿಲ್ಲ."

ನಾನು ಕ್ಯಾನಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಗಾಳಿಯಿಂದ ಹಿಂಡಿದ ನೀರು! ನಮ್ಮೂರಲ್ಲಿ ಮಳೆಗಾಲದ ನಾಲ್ಕು ತಿಂಗಳು ಮಾಡಿನ ನೀರು ಚರಂಡಿಗೆ ಹರಿದುಹೋಗುವುದನ್ನು ನಾನು ಚಹಾ ಕುಡಿಯುತ್ತ ನೋಡಿದ್ದೇನೆ. ಏಪ್ರಿಲ್‌ನಲ್ಲಿ ಬಾವಿ ತಳ ಕಂಡಾಗ ಪಂಚಾಯಿತಿಯವರನ್ನು ಬೈದಿದ್ದೇನೆ. ತಂಗಿಗೆ ಕಲಿಸಲು ಬಂದವಳು ಮೊದಲ ದಿನ ಬೆಳಿಗ್ಗೆಯೇ ಅವಳ ಎದುರು ಕೂತು ಕಲಿಯಬೇಕಾಯಿತು.

ಅಷ್ಟೇ ಅಲ್ಲ. ಬಟ್ಟೆ ಒಣಗಿಸುವ ಯಂತ್ರದ ಮೇಲೆ ಇವಳು ಈರುಳ್ಳಿ ಬುಟ್ಟಿ ಇಟ್ಟಿದ್ದಾಳೆ. ಬಟ್ಟೆ ತಾರಸಿಯಲ್ಲಿ ಅರ್ಧ ಗಂಟೆಯಲ್ಲಿ ಹಪ್ಪಳವಾಗುತ್ತದೆ. ಅಕ್ಕಿ ತೊಳೆದ ನೀರು ಕರಿಬೇವಿಗೆ. ಜಗದೀಶ ಮತ್ತು ಅದೇ ಕಟ್ಟಡದ ಇನ್ನು ಮೂವರು ಒಂದೇ ಕಾರಿನಲ್ಲಿ ಸರದಿಯಂತೆ ಆಫೀಸಿಗೆ ಹೋಗುತ್ತಾರೆ. ನನ್ನ ಚೀಲಗಳಿಗೆ ಮಾತ್ರ ಒಳ್ಳೆಯ ಸ್ವಾಗತ ಸಿಕ್ಕಿತು, ಅದರಲ್ಲೇ ಸಮಾಧಾನ ಮಾಡಿಕೊಂಡೆ.

ನಿಶಾಳ ಶಾಲೆಯ ಬಸ್ಸು ಹೋದ ಮೇಲೆ ಸುಮನಾ, "ಯಲ್ಲಾ, ಹೊರಡುವ" ಎಂದಳು. ಮನೆಯೊಳಗೆ ನಾವು ಅಕ್ಕತಂಗಿ ಮಾತಾಡುವುದು ತುಳು. ಓದುವವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಆ ತುಳುವಿನ ನಡುವೆಯೂ ಯಲ್ಲಾ, ಖಲಾಸ್ ಎಂಬ ಅರಬ್ಬಿ ಮಾತುಗಳು ಸಾಸಿವೆಯ ಹಾಗೆ ಸಿಡಿಯುತ್ತಿರುತ್ತವೆ.

ಹೊರಟದ್ದು ಬಾಲ್ದಿ ಸಂಗ್ರಹಕ್ಕೆ. ಆ ಬೀದಿಯಲ್ಲಿ ನಮ್ಮ ಕರಾವಳಿಯ ಎಂಟು ಮನೆಗಳು. ಉಡುಪಿ ಕಡೆಯ ತುಳುವರು, ಮಂಗಳೂರಿನ ಕೊಂಕಣಿ ಕ್ರೈಸ್ತರು. ಪ್ರತಿ ಮನೆಯ ಬಾಗಿಲಲ್ಲಿ ಮುಚ್ಚಳವಿರುವ ಒಂದು ಬಾಲ್ದಿ, ಅದರಲ್ಲಿ ಅಡುಗೆಮನೆಯ ಹಸಿ ಕಸ. ಸಿಪ್ಪೆ, ಸೊಪ್ಪಿನ ದಂಟು ಬೇರೆ, ಉಳಿದದ್ದು ಬೇರೆ. ಕೊನೆಯ ಮನೆಯ ಐರಿನ್ ಬಾಯಿ ಬಾಗಿಲಿಗೆ ಬಂದು, "ಸುಮನಾ, ಮೀನಿನ ಮುಳ್ಳು ಕಾಗದದಲ್ಲಿ ಕಟ್ಟಿದ್ದೇನೆ, ಆಡಿಗೆ ಹಾಕ್ಬೇಡಿ ಆಯ್ತಾ" ಎಂದರು. ಎಂಟು ಬಾಲ್ದಿಯನ್ನು ಕಾರಿನ ಡಿಕ್ಕಿಯಲ್ಲಿ ಜೋಡಿಸಿ ತೋಟಕ್ಕೆ ಹೋದೆವು.

ತೋಟ ಉಮ್ ನಾಸಿರ್ ಅವರದು. ಉಮ್ ನಾಸಿರ್ ಎಂದರೆ ನಾಸಿರನ ತಾಯಿ. ಹಿರಿಯ ಹೆಂಗಸರನ್ನು ಇಲ್ಲಿ ದೊಡ್ಡ ಮಗನ ಹೆಸರು ಸೇರಿಸಿ ಕರೆಯುತ್ತಾರೆ. ಅರವತ್ತು ದಾಟಿದ ಗಟ್ಟಿ ಹೆಂಗಸು, ಹೂವಿನ ಚಿತ್ತಾರದ ಶಾಲು, ಕೈಯಲ್ಲಿ ಕತ್ತಿ. ಈ ಕರಾವಳಿಯ ಎಷ್ಟೋ ಹಳಬರ ಹಾಗೆ ಅವರಿಗೂ ಹಿಂದಿ ಬರುತ್ತದೆ. ವ್ಯಾಕರಣದ ಗೊಡವೆಯಿಲ್ಲದ ಹಿಂದಿ, ನನ್ನ ಹಿಂದಿಯ ಹಾಗೆಯೇ. ಹಾಗಾಗಿ ನಮ್ಮಿಬ್ಬರಿಗೆ ಕೂಡಲೇ ಹೊಂದಿಕೆಯಾಯಿತು.

ಸಿಪ್ಪೆಯನ್ನು ಆಡುಗಳ ಮುಂದೆ ಸುರಿದೆವು. ಒಂದು ಕಂದು ಆಡು ನನ್ನ ಸೀರೆಯ ಸೆರಗನ್ನೂ ಸಿಪ್ಪೆಯ ಲೆಕ್ಕಕ್ಕೆ ಸೇರಿಸಿಕೊಂಡಿತು. ಉಳಿದದ್ದು ಖರ್ಜೂರದ ಒಣಗರಿ ಹಾಸಿದ ಗುಂಡಿಗೆ, ಮೇಲೆ ಮಣ್ಣು. ಖರ್ಜೂರದ ಬೀಜವನ್ನು ಕೂಡ ಅವರು ಬಿಸಾಡುವುದಿಲ್ಲ. ಒಣಗಿಸಿದ ಸಣ್ಣ ಮೀನಿನ ಜೊತೆ ಬೇಯಿಸಿ ದನಕ್ಕೆ ಹಾಕುತ್ತಾರೆ. ಕಳೆದ ವರ್ಷದ ಗುಂಡಿಯಿಂದ ಅವರು ಒಂದು ಹಿಡಿ ಮಣ್ಣು ತೆಗೆದು ನನ್ನ ಕೈಗೆ ಹಾಕಿದರು. ಕಪ್ಪಗೆ, ಮೆತ್ತಗೆ, ನಮ್ಮ ಹಟ್ಟಿಗೊಬ್ಬರದ ವಾಸನೆ. ನಾನು ಅದನ್ನು ಮೂಸಿ ಮೂಸಿ ನೋಡಿ ಕುಣಿಯುವುದೊಂದು ಬಾಕಿ.

"ಬಾವಿಯ ನೀರು ಉಪ್ಪಾಗುತ್ತಾ ಬಂತು" ಎಂದರು ಉಮ್ ನಾಸಿರ್. "ಸಮುದ್ರ ಒಳಗೆ ಬರುತ್ತಿದೆ. ಸಿಹಿನೀರು ಸ್ವಲ್ಪವೇ. ಈ ಮಣ್ಣು ಹಾಕಿದರೆ ಆ ಸ್ವಲ್ಪ ಬೇಗ ಒಣಗುವುದಿಲ್ಲ. ನಿಮ್ಮಲ್ಲಿ ಮಳೆ ಎಷ್ಟು ದಿನ?"

"ನಾಲ್ಕು ತಿಂಗಳು" ಎಂದೆ.

"ನಾಲ್ಕು ದಿನವಾ?"

"ನಾಲ್ಕು ತಿಂಗಳು!"

ಅವರು ಬೆರಳು ಮಡಚಿ ಎಣಿಸಿದರು, ಆಮೇಲೆ ನನ್ನನ್ನು ಸುಳ್ಳು ಹೇಳುವ ಮಗುವನ್ನು ನೋಡುವ ಹಾಗೆ ನೋಡಿದರು.

ತೋಟದ ಮೂಲೆಯಲ್ಲಿ ಖರ್ಜೂರದ ದಿಂಡಿನ ಚಪ್ಪರ, ಅದರ ಮೇಲೆ ನಮ್ಮ ಬಸಳೆ! ಪಕ್ಕದಲ್ಲಿ ತೊಂಡೆ, ಹರಿವೆ. ಬಾಲ್ದಿಗೆ ಬದಲಾಗಿ ಉಮ್ ನಾಸಿರ್ ಆ ಮೂಲೆಯನ್ನು ಸುಮನಾಳಿಗೆ ಬಿಟ್ಟುಕೊಟ್ಟಿದ್ದಾರೆ. ಕಾಗದವಿಲ್ಲ, ಪತ್ರವಿಲ್ಲ, ಎಲ್ಲ ಅವರ ಮನಸ್ಸಿನ ಮೇಲೆ. ಬಸಳೆಯ ಬಳ್ಳಿ ಕೊಯ್ಯುತ್ತ ಸುಮನಾ ಹೇಳಿದಳು: "ಬಂದ ಹೊಸತರಲ್ಲಿ ನಾನು ನಾಲ್ಕು ಗೋಡೆ ನೋಡ್ತಾ ಕೂತು ಅಳ್ತಾ ಇದ್ದೆ ಅಕ್ಕ. ನಿಂಗೆ ಫೋನಲ್ಲಿ ಹೇಳಲಿಲ್ಲ ಅಷ್ಟೆ. ಈ ಗೇಟು ನನಗೆ ತೆರೆದ ಮೇಲೆ ನಾನು ಸರಿಯಾದದ್ದು. ಇದು ಹೋದ್ರೆ ನಂಗೆ ಇಲ್ಲಿ ಎಂತ ಉಂಟು?"

ನನಗೆ ಕಣ್ಣು ತುಂಬಿತು. ಹೊರಡುವಾಗ ಉಮ್ ನಾಸಿರ್ ನನ್ನ ಕೈ ಹಿಡಿದು, ಶುಕ್ರವಾರ ಮಧ್ಯಾಹ್ನ ಊಟಕ್ಕೆ ಬರಲೇಬೇಕು ಎಂದರು. ನಾನು ಅವರಿಗೆ ನನ್ನ ಅತ್ಯುತ್ತಮ ಚೀಲ, ಮೈಸೂರು ರೇಷ್ಮೆಯ ಅಂಚಿನದು, ಕೊಟ್ಟೆ.

ಶುಕ್ರವಾರ: ಹರಿವಾಣದ ಮುಂದೆ

ಜಗದೀಶ ಗಂಡಸರ ಕಡೆ ಹೋದ. ನಾವು ಮೂವರು ಹೆಂಗಸರ ಕೋಣೆಗೆ ಹೋದೆವು. ಉಮ್ ನಾಸಿರ್, ಅವರ ಸೊಸೆ ಮರಿಯಂ, ಮಗಳು, ಹೀಗೆ ಒಟ್ಟು ಆರು ಜನ. ಊಟಕ್ಕೆ ಮುಂಚೆ ಉಮ್ ನಾಸಿರ್ ತಾವೇ ಹೂಜಿ ಹಿಡಿದು ಒಬ್ಬೊಬ್ಬರ ಕೈಗೂ ನೀರು ಹೊಯ್ದರು. ಕೆಳಗೆ ಬೋಗುಣಿ ಹಿಡಿದಿದ್ದ ಮರಿಯಂ ಆ ನೀರನ್ನು ಒಯ್ದು ಅಂಗಳದ ಗಿಡದ ಬುಡಕ್ಕೆ ಸುರಿದಳು. ಗಿಡ ನೋಡಿದರೆ ಥೇಟ್ ನಮ್ಮ ತುಳಸಿಯ ದಾಯಾದಿ, ಅದೇ ಪರಿಮಳ! ನಾನು ಸಂತೋಷದಿಂದ ನಿಶಾಳ ತೋಳು ಹಿಂಡಿದೆ.

ಆಮೇಲೆ ಹರಿವಾಣ ಬಂತು. ನಮ್ಮ ಮದುವೆಮನೆಯಲ್ಲಿ ಆರತಿ ಹಿಡಿಯುವ ಹರಿವಾಣದ ಮೂರು ಪಾಲು ದೊಡ್ಡದು. ಅದರ ತುಂಬ ಮಸಾಲೆಯ ಅನ್ನ, ಮೇಲೆ ಹುರಿದ ಮೀನು, ಸುತ್ತ ನಿಂಬೆಹೋಳು. ಅದನ್ನು ನಡುವೆ ಇಟ್ಟು ಎಲ್ಲರೂ ಸುತ್ತ ಕೂತರು. ಇನ್ನು ತಟ್ಟೆಗಳು ಬರುತ್ತವೆ ಎಂದು ನಾನು ಕಾದೆ. ತಟ್ಟೆ ಬರಲಿಲ್ಲ. ಬಿಸ್ಮಿಲ್ಲಾ ಎಂದು ಐದು ಬಲಗೈಗಳು ಅದೇ ಹರಿವಾಣಕ್ಕೆ ಇಳಿದವು. ಅದರಲ್ಲಿ ಸುಮನಾಳ ಕೈಯೂ ಇತ್ತು, ನಿಶಾಳದ್ದೂ.

ಬಾಯಿಗೆ ಹೋದ ಕೈ ಮತ್ತೆ ಅದೇ ಅನ್ನಕ್ಕೆ! ಎಂಜಲು ಎಂಬ ಮಾತಿನಲ್ಲೇ ಬೆಳೆದವಳು ನಾನು. ನೀರು ಕುಡಿಯುವಾಗ ಚೊಂಬು ತುಟಿಗೆ ತಾಗಿದರೆ ಅಮ್ಮ ಅದನ್ನು ಹುಣಸೆಹುಳಿ ಹಾಕಿ ತಿಕ್ಕಿಸುತ್ತಿದ್ದರು. ನಾವು ಅಕ್ಕತಂಗಿಯರು ಒಂದು ಮಾವಿನಕಾಯಿಯನ್ನೂ ಕಚ್ಚಿ ಹಂಚಿಕೊಂಡವರಲ್ಲ, ಕತ್ತಿಯಲ್ಲಿ ಕೊಯ್ದೇ ತಿಂದವರು.

ಆಗ ನನಗೆ ಬ್ಯಾಗು ನೆನಪಾಯಿತು. ಒಂದು ಕ್ಷಣವೂ ಯೋಚಿಸಲಿಲ್ಲ. ನನ್ನ ಸ್ಟೀಲ್ ತಟ್ಟೆ ತೆಗೆದು, ಚಮಚದಲ್ಲಿ ಹರಿವಾಣದ ಅಂಚಿನಿಂದ ಅನ್ನ ಬಡಿಸಿಕೊಂಡೆ. ಸಾಲದ್ದಕ್ಕೆ ಭಾಷಣ ಬೇರೆ: "ನಾನು ಎಲ್ಲಿ ಹೋದರೂ ಇದನ್ನೇ ಬಳಸುವುದು. ಪರಿಸರಕ್ಕೆ ಒಳ್ಳೆಯದು!"

ಎಲ್ಲರ ಕೈ ಒಂದು ಗಳಿಗೆ ನಿಂತಿತು. ಉಮ್ ನಾಸಿರ್ ನನ್ನ ತಟ್ಟೆ ನೋಡಿದರು, ತಮ್ಮ ಕೈ ನೋಡಿಕೊಂಡರು. ಮೀನಿನ ದೊಡ್ಡ ತುಂಡೊಂದನ್ನು ನನ್ನ ಚಮಚದಲ್ಲೇ ಎತ್ತಿ ನನ್ನ ತಟ್ಟೆಗೆ ಹಾಕಿದರು. ಆಮೇಲೆ ಊಟ ನಡೆಯಿತು, ಮಾತು ನಡೆಯಲಿಲ್ಲ. ಮೀನು ಬಹಳ ರುಚಿಯಾಗಿತ್ತು ಎಂದು ನಾನೊಬ್ಬಳೇ ಮೂರು ಸಲ ಹೇಳಿದೆ.

ಶನಿವಾರದಿಂದ ಸೋಮವಾರ: ಬಾಲ್ದಿ ಹೋಗಲಿಲ್ಲ

ಶನಿವಾರ ಬೆಳಿಗ್ಗೆ ಸುಮನಾಳ ಫೋನಿಗೆ ಉಮ್ ನಾಸಿರ್ ಅವರ ಧ್ವನಿ ಸಂದೇಶ ಬಂತು. ಇವತ್ತು ಬರುವುದು ಬೇಡ. ಭಾನುವಾರವೂ ಅದೇ, ಇವತ್ತು ಬೇಡ. ಎರಡು ದಿನದ ಬಾಲ್ದಿ ಬಾಲ್ಕನಿಯಲ್ಲಿ ನಾತ ಹೊಡೆಯತೊಡಗಿದಾಗ ಸುಮನಾ ಎಂಟು ಮನೆಯ ಕಸವನ್ನು ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಬೀದಿಯ ದೊಡ್ಡ ತೊಟ್ಟಿಗೆ ಹಾಕಿ ಬಂದಳು. ಪ್ಲಾಸ್ಟಿಕ್ ಚೀಲ, ಅದೂ ನಾನು ಮನೆಯಲ್ಲಿರುವಾಗ! ನಾನು ತುಟಿಪಿಟಕ್ ಎನ್ನಲಿಲ್ಲ.

ಅವಳು ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಸೋಮವಾರ ನಾನೇ ಒತ್ತಾಯ ಮಾಡಿ ಕೇಳಿದಾಗ ಹೇಳಿದಳು. "ಮರಿಯಂ ಫೋನ್ ಮಾಡಿದ್ಲು ಅಕ್ಕ. ನಾವು ಹೋದ ಮೇಲೆ ಅವಳ ಅತ್ತೆ ಒಂದೇ ಮಾತು ಕೇಳಿದ್ರಂತೆ. ನಾನೇ ನೀರು ಹೊಯ್ದು ಕೈ ತೊಳೆಸಿದ್ದೆ, ಆದ್ರೂ ಅವಳಿಗೆ ನಮ್ಮ ಕೈಯ ಮೇಲೆ ಅನುಮಾನವಾ ಅಂತ."

"ಅಯ್ಯೋ, ನಾನು ಪರಿಸರಕ್ಕೆ ಅಂತ..."

ಹೋಂವರ್ಕ್ ಬರೆಯುತ್ತಿದ್ದ ನಿಶಾ ತಲೆ ಎತ್ತಿದಳು. "ಬಟ್ ದೊಡ್ಡಮ್ಮ, ದೇರ್ ವಾಸ್ ನೋ ಪ್ಲಾಸ್ಟಿಕ್ ದೇರ್. ಆರು ಜನಕ್ಕೆ ಒಂದೇ ಪ್ಲೇಟ್ ಇತ್ತು. ನೀವು ಎಕ್ಸ್‌ಟ್ರಾ ಒಂದು ತೊಳೀಲಿಕ್ಕೆ ಹಾಕಿದ್ರಿ."

ಹದಿಮೂರು ವರ್ಷದ ಹುಡುಗಿ! ಕೆನ್ನೆಗೆ ಹೊಡೆದ ಹಾಗಾಯಿತು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಪರಿಸರಸ್ನೇಹಿ ಊಟವೆಂದರೆ ಅದಕ್ಕಿಂತ ಬೇರೆ ಇದೆಯೇ? ತಟ್ಟೆಯಿಲ್ಲ, ಚಮಚವಿಲ್ಲ, ಕೈ ತೊಳೆದ ನೀರೂ ಗಿಡಕ್ಕೆ. ನಾನು ಊರಿಡೀ ಹೇಳಿಕೊಂಡು ತಿರುಗಿದ್ದನ್ನು ಅವರು ಹೇಳದೆ ಮಾಡುತ್ತಿದ್ದರು. ಎಂಜಲಿನ ಹೆದರಿಕೆಗೆ ನಾನು ಪರಿಸರದ ಹೆಸರು ಕೊಟ್ಟಿದ್ದೆ. ಇಷ್ಟು ವರ್ಷ ಮದುವೆಮನೆಗಳಲ್ಲಿ ಆ ತಟ್ಟೆ ತೆಗೆದಾಗೆಲ್ಲ ಅದರಲ್ಲಿ ಪರಿಸರ ಎಷ್ಟಿತ್ತು, ಪರರ ಎಂಜಲಿನ ಅಂಜಿಕೆ ಎಷ್ಟಿತ್ತು ಎಂದು ಆ ಸಂಜೆ ಕೂತು ಯೋಚಿಸಿದೆ. ಬಂದ ಉತ್ತರ ನನಗೆ ಇಷ್ಟವಾಗಲಿಲ್ಲ.

ಮರುದಿನ ಜಗದೀಶ ರಜೆ ಹಾಕಿ ನಮ್ಮನ್ನೆಲ್ಲ ಖಸಬ್‌ಗೆ ಕರೆದೊಯ್ಯುವವನಿದ್ದ. ಕಡಲಿನ ನಡುವೆ ಬೆಟ್ಟಗಳಂತೆ, ದೋಣಿಯ ಪಕ್ಕದಲ್ಲೇ ಡಾಲ್ಫಿನ್ ಹಾರುತ್ತವಂತೆ. "ಖಸಬ್ ಖಲಾಸ್" ಎಂದೆ ಸುಮನಾಳಿಗೆ. "ನನ್ನನ್ನು ತೋಟಕ್ಕೆ ಬಿಡು." ಡಾಲ್ಫಿನ್ ನೋಡದೆಯೇ ಊರಿಗೆ ಬಂದೆ, ಅದರ ಬೇಸರ ನನಗಿಲ್ಲ.

ಮಂಗಳವಾರ: ಮತ್ತೆ ತೋಟದ ಗೇಟು

ನಿಶಾ ಶಾಲೆಯಿಂದ ಬಂದ ಕೂಡಲೇ ಮೂವರೂ ಹೊರಟೆವು. ಆ ದಿನದ ಬಾಲ್ದಿಗಳನ್ನು ಡಿಕ್ಕಿಯಲ್ಲಿ ತಂದಿದ್ದೆವು. ಇಳಿಸುವ ಧೈರ್ಯ ಸುಮನಾಳಿಗಿರಲಿಲ್ಲ. ಗೇಟು ಅರ್ಧ ಮುಚ್ಚಿತ್ತು. ಉಮ್ ನಾಸಿರ್ ಅಂಗಳದಲ್ಲಿ ಚಾಪೆಯ ಮೇಲೆ ಕೂತು ಖರ್ಜೂರದ ಬೀಜ ಬೇರ್ಪಡಿಸುತ್ತಿದ್ದರು. ನಮ್ಮನ್ನು ಕಂಡು ಎದ್ದು, ಬನ್ನಿ ಎಂದರು. ಮರ್ಯಾದೆಗೆ ಕೊರತೆಯಿರಲಿಲ್ಲ. ನಗು ಮಾತ್ರ ಇರಲಿಲ್ಲ.

ನಾನು ಕೂರಲಿಲ್ಲ. ನಿಂತುಕೊಂಡೇ, ಬಂದಷ್ಟು ಹಿಂದಿಯಲ್ಲಿ ಹೇಳಿದೆ. "ನಿಮ್ಮ ಕೈಯ ಮೇಲೆ ಅನುಮಾನವಲ್ಲ. ಮೊನ್ನೆ ನಾನು ಪರಿಸರ ಅಂದದ್ದು ಸುಳ್ಳು. ನನಗೆ ಹೆದರಿಕೆ. ನಾನು ಯಾರ ಜೊತೆಗೂ ಒಂದೇ ಪಾತ್ರೆಯಲ್ಲಿ ಉಂಡವಳಲ್ಲ. ಇವಳು ನನ್ನ ಸ್ವಂತ ತಂಗಿ, ಇವಳ ಜೊತೆಗೂ ಇಲ್ಲ. ಗಂಡನ ಜೊತೆಗೂ ಇಲ್ಲ. ನಮ್ಮಲ್ಲಿ ನೀರನ್ನು ಕೂಡ ತುಟಿಗೆ ತಾಗಿಸುವುದಿಲ್ಲ."

ಉಮ್ ನಾಸಿರ್ ಹುಬ್ಬೇರಿಸಿದರು. "ತುಟಿಗೆ ತಾಗಿಸದೆ ಹೇಗೆ ಕುಡಿಯುತ್ತೀರಿ?"

ಹೇಳಿದರೆ ನಂಬುವ ಹಾಗೆ ಕಾಣಲಿಲ್ಲ. ಅಲ್ಲೇ ಇದ್ದ ಹೂಜಿ ಎತ್ತಿ, ತಲೆ ಹಿಂದಕ್ಕೆ ಮಾಡಿ, ಒಂದು ಗೇಣು ಎತ್ತರದಿಂದ ಬಾಯಿಗೆ ನೀರು ಹೊಯ್ದುಕೊಂಡೆ. ಗಟಗಟ ಇಳಿಯಿತು, ಒಂದು ಹನಿ ಚೆಲ್ಲಲಿಲ್ಲ. ಮರಿಯಂ ಒಳಗಿಂದ ಓಡಿ ಬಂದು ನೋಡಿದಳು. ಉಮ್ ನಾಸಿರ್ ಹೂಜಿ ಕಿತ್ತುಕೊಂಡು ತಾವೂ ಹಾಗೇ ಮಾಡಲು ಹೋದರು. ಅರ್ಧ ನೀರು ಮೂಗಿಗೆ, ಇನ್ನರ್ಧ ಶಾಲಿಗೆ. ಕೆಮ್ಮಿ ಕೆಮ್ಮಿ, ಕಣ್ಣೊರೆಸಿಕೊಂಡು, ಆಮೇಲೆ ಸುಮನಾಳ ಕಡೆ ತಿರುಗಿದರು.

"ಮತ್ತೆ ಇವಳು? ಇವಳು ನಮ್ಮ ಜೊತೆ ಉಣ್ಣುತ್ತಾಳಲ್ಲ?"

ಸುಮನಾ ನೆಲ ನೋಡಿದಳು. "ಮೊದಲಿಗೆ ನಾನು ಬಂದಾಗೆಲ್ಲ ಉಪವಾಸ ಅಂತ ಹೇಳ್ತಿದ್ದೆನಲ್ಲ... ಅದು ಉಪವಾಸ ಅಲ್ಲ."

ಉಮ್ ನಾಸಿರ್ ಬಾಯಿ ತೆರೆದುಕೊಂಡೇ ನಿಂತರು. "ಆರು ತಿಂಗಳು! ನಮ್ಮ ರಂಜಾನ್ ಒಂದೇ ತಿಂಗಳು. ಪಾಪ, ಈ ಹುಡುಗಿಯ ಉಪವಾಸ ಮುಗಿಯುವುದೇ ಇಲ್ಲವಲ್ಲ ಎಂದು ನಾನು ಇವಳಿಗಾಗಿ ದುವಾ ಮಾಡಿದ್ದೇನೆ!" ಎಂದು ಸುಮನಾಳ ಬೆನ್ನಿಗೆ ಒಂದು ಗುದ್ದು ಕೊಟ್ಟು ನಗತೊಡಗಿದರು. ಸುಮನಾಳಿಗೆ ನಗುವೋ ಅಳುವೋ ಗೊತ್ತಾಗದೆ ಎರಡೂ ಒಟ್ಟಿಗೇ ಬಂತು. "ಬಾಲ್ದಿ ಎಲ್ಲಿ?" ಎಂದು ಉಮ್ ನಾಸಿರ್ ಗದರಿದರು. "ಆಡುಗಳು ಮೂರು ದಿನದಿಂದ ಗೇಟನ್ನೇ ನೋಡುತ್ತಿವೆ." ನಿಶಾ ಡಿಕ್ಕಿಯ ಕಡೆ ಓಡಿದಳು.

ಊಟದ ಹೊತ್ತಾಗಿತ್ತು. ಈ ಸಲವೂ ಕೈಗೆ ನೀರು ಹೊಯ್ದರು, ಹರಿವಾಣ ಬಂತು. ಅದರ ಹಿಂದೆಯೇ ಉಮ್ ನಾಸಿರ್ ಒಂದು ತಟ್ಟೆ ತಂದು ನನ್ನ ಮುಂದಿಟ್ಟರು. ನೀಲಿ ಹೂವಿನ ಅಂಚಿನ ಪಿಂಗಾಣಿ ತಟ್ಟೆ, ಅವರ ಕಪಾಟಿನ ಒಳ್ಳೆಯ ತಟ್ಟೆಯಿರಬೇಕು. "ನೀನು ನೆಮ್ಮದಿಯಾಗಿ ಉಣ್ಣು" ಎಂದರು. ಅದರಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ.

ಆ ತಟ್ಟೆಯಲ್ಲಿ ಉಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಬಾಲ್ದಿಯೂ ಉಳಿದಿತ್ತು, ಬಸಳೆಯೂ ಉಳಿದಿತ್ತು. ಆದರೆ ಮುನಿಸಿಕೊಂಡವರೇ ಕಪಾಟು ತೆರೆದು ನನಗಾಗಿ ಬೇರೆ ತಟ್ಟೆ ತಂದಿದ್ದರು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಹರಿವಾಣದ ಹತ್ತಿರ ಜರುಗಿ ಕೂತೆ.

ನಿಶಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ದೊಡ್ಡಮ್ಮ, ನಿಮ್ಮ ಎದುರು ಇರೋದು ಮಾತ್ರ ನಿಮ್ಮದು. ಯುವರ್ ಸೈಡ್ ಓನ್ಲಿ. ಬೇರೆಯವರ ಸೈಡಿಗೆ ಕೈ ಹಾಕ್ಬಾರ್ದು, ಓಕೆ?"

ಓಕೆ ಎಂದೆ. ಮೊದಲ ತುತ್ತು ಬಾಯಲ್ಲಿ ಸುಮ್ಮನೆ ನಿಂತುಬಿಟ್ಟಿತು. ಅಮ್ಮ ಎಲ್ಲಿಂದಲೋ ನೋಡುತ್ತಿದ್ದಾರೆ ಅನಿಸಿತು. ಕಣ್ಣು ಮುಚ್ಚಿ ನುಂಗಿದೆ. ಎರಡನೆಯದು ಇಳಿಯಿತು. ಮೂರನೆಯದರಲ್ಲಿ ಲವಂಗ, ಒಣನಿಂಬೆಯ ಹುಳಿ ನಾಲಿಗೆಗೆ ಗೊತ್ತಾಯಿತು. ನಾಲ್ಕನೆಯ ಹೊತ್ತಿಗೆ ಮರಿಯಂ ಏನೋ ಕೇಳಿದಳು, ನಾನು ಕಾರ್ಕಳದ ಮಳೆಯ ಕಥೆ ಶುರು ಮಾಡಿದೆ. ಕಥೆಯ ಭರದಲ್ಲಿ ನನ್ನ ಕೈ ಅದರ ಪಾಡಿಗೆ ಹರಿವಾಣ ದಾಟಿ ಹೋಗಿ, ಉಮ್ ನಾಸಿರ್ ಅವರ ಎದುರಿದ್ದ ಮೀನನ್ನು ಮುರಿಯಿತು.

"ದೊಡ್ಡಮ್ಮ! ಸೈಡ್!" ಎಂದು ನಿಶಾ ಕಿರುಚಿದಳು.

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಸುಮನಾ ಹಣೆ ಚಚ್ಚಿಕೊಂಡಳು. ಉಮ್ ನಾಸಿರ್ ಹರಿವಾಣದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರು. ಅನ್ನ, ನಿಂಬೆಹೋಳು, ಮೀನು ಎಲ್ಲ ಒಂದು ಅರ್ಧ ಸುತ್ತು ಹೊಡೆದು ಬಂದವು. ಮೀನು ನನ್ನೆದುರು ನಿಂತಿತು. ಅದರ ಪಕ್ಕದಲ್ಲಿ ಅವರ ಬೆರಳುಗಳು ಉಂಡು ಮಾಡಿದ ಗುಳಿ ಇನ್ನೂ ಹಾಗೆಯೇ ಇತ್ತು.

ನಾನು ಆ ಗುಳಿಯಿಂದಲೇ ತುತ್ತು ತೆಗೆದುಕೊಂಡು, ಮಳೆಯ ಕಥೆ ಮುಂದುವರಿಸಿದೆ.